ಮನೇಲಿ ಮಕ್ಕಳ ಜೊತೆ ಬೈಬಲ್ ಓದೋದು ಹೇಗೆ? ಅಪ್ಪ ಅಮ್ಮಂದಿರಿಗೆ ಒಂದು ಸಮಗ್ರ ಮಾರ್ಗದರ್ಶಿ

ವಾರಕ್ಕೆ ಇರೋದು 168 ಗಂಟೆ. ಅದ್ರಲ್ಲಿ ಸಂಡೇ ಸ್ಕೂಲಿಗೆ ಹೋಗೋದು ಜಾಸ್ತಿ ಅಂದ್ರೆ ಒಂದೂವರೆ ಗಂಟೆ, ಅದ್ರಲ್ಲೂ ಹಾಡು, ಹಾಜರಿ, ಗಲಾಟೆ ಮಾಡೋರನ್ನ ಸುಮ್ನೆ ಕೂರಿಸೋದು ಇದೆಲ್ಲಾ ಕಳೆದ್ರೆ ಟೀಚರ್‌ಗೆ ಕಥೆ ಹೇಳೋಕೆ ಉಳಿಯೋದು ಹದಿನೈದಿಪ್ಪತ್ತು ನಿಮಿಷ. ಪಾಪ ಅವ್ರು ತಾನೇ ಎಷ್ಟು ಅಂತ ಮಾಡ್ತಾರೆ. ಆದ್ರೂ ತುಂಬಾ ಮನೆಗಳಲ್ಲಿ ಮಕ್ಕಳಿಗೆ ಬೈಬಲ್ ಕಲಿಸೋ ಕೆಲಸ ಪೂರ್ತಿ ಸಭೆ ಮೇಲೇ ಬಿಟ್ಟುಬಿಟ್ಟಿರ್ತಾರೆ.

ಧರ್ಮೋಪದೇಶಕಾಂಡ 6ನೇ ಅಧ್ಯಾಯ ತೆಗೆದು ನೋಡಿ, ಅಲ್ಲಿ ಈ ಕೆಲಸ ಯಾಜಕರಿಗೆ ಕೊಟ್ಟಿಲ್ಲ, ಅಪ್ಪ ಅಮ್ಮಂದಿರಿಗೇ ಕೊಟ್ಟಿರೋದು. ಮನೇಲಿ ಕೂತಿರುವಾಗ, ದಾರೀಲಿ ನಡೆಯುವಾಗ, ಮಲಗುವಾಗ, ಏಳುವಾಗ ಅಂತ ನಾಲ್ಕು ಸಮಯ ಹೇಳುತ್ತೆ. ನಾಲ್ಕೂ ನಾವು ಹೇಗೂ ಮಕ್ಕಳ ಜೊತೆ ಇರೋ ಹೊತ್ತೇ. ಬೇರೆ ಕ್ಲಾಸ್ ಏನೂ ಇಡಬೇಕಾಗಿಲ್ಲ ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಇನ್ನೊಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಈ ಬರಹ ಪೂರ್ತಿ ಅದರ ಸುತ್ತಾನೇ ತಿರುಗುತ್ತೆ. ಮಕ್ಕಳಿಗೆ ಬೈಬಲ್ ಬೋರ್ ಹೊಡೆಸೋದು ನಾವು ಕಥೆ ಮುಗಿದ ತಕ್ಷಣ ಅಂಟಿಸೋ ನೀತಿ ಪಾಠ. ದಾವೀದ ಗೊಲ್ಯಾತನ್ನ ಬೀಳಿಸಿದ, "ನೋಡಿದ್ಯಾ, ನೀನೂ ಹೋಮ್‌ವರ್ಕ್‌ಗೆ ಹೆದರಬಾರದು." ಮಗು ಮನಸ್ಸಲ್ಲಿ ಆ ಕಲ್ಲು ಇನ್ನೂ ಗಾಳೀಲೇ ಇರುತ್ತೆ, ಅಷ್ಟರಲ್ಲಿ ಹೋಮ್‌ವರ್ಕ್ ಬಂತು. ಎರಡು ವಾರ ಹೀಗಾದ್ರೆ ಮುಂದಿನ ಸಲ ಬೈಬಲ್ ತೆಗೆಯುವಾಗ್ಲೇ ಅದಕ್ಕೆ ಗೊತ್ತಿರುತ್ತೆ, ಕೊನೇಲಿ ನಂಗೇ ಬೈಗುಳ ಅಂತ. ಹಾಗಾಗಿ ನೀತಿ ಹೇಳೋ ಚಪಲ ಸ್ವಲ್ಪ ಬಿಡಿ, ಕಥೆಗೆ ಜಾಗ ಕೊಡಿ, ಮಗು ಏನು ಕಂಡ್ತು ಅಂತ ಕೇಳಿ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಹೆಜ್ಜೆ 1: ಮೊದ್ಲು ನಿಮ್ಮ ಕೈಲಿ ಬೈಬಲ್ ಕಾಣ್ಲಿ

ಇದು ಚಿಕ್ಕ ವಿಷ್ಯ. ಮಕ್ಕಳು ನಾವು ಹೇಳಿದ್ದಕ್ಕಿಂತ ಮಾಡಿದ್ದನ್ನ ನೋಡ್ತಾವೆ ಅಂತ ಎಲ್ರಿಗೂ ಗೊತ್ತು. ಫೋನಲ್ಲಿ ಬೈಬಲ್ ಓದೋರಿಗೆ ಮಾತ್ರ ಒಂದು ಕಿವಿಮಾತು: ಮಗು ಕಣ್ಣಿಗೆ ನೀವು ವಾಟ್ಸಾಪ್ ನೋಡೋದೂ ಕೀರ್ತನೆ ಓದೋದೂ ಒಂದೇ ಥರ ಕಾಣುತ್ತೆ. ದಿನಕ್ಕೆ ಐದು ನಿಮಿಷ ಆದ್ರೂ ಪುಸ್ತಕ ಹಿಡ್ಕೊಂಡು ಓದಿ, ಮಗು ಓಡಾಡೋ ಜಾಗದಲ್ಲೇ ಕೂತು ಓದಿ.

ಹೆಜ್ಜೆ 2: ವಯಸ್ಸಿಗೆ ತಕ್ಕ ಬೈಬಲ್ ಆರಿಸಿ

ಮೂರು ವರ್ಷದ ಒಳಗಿನವರಿಗೆ ದಪ್ಪ ರಟ್ಟಿನ ಪುಟದ ಚಿತ್ರ ಪುಸ್ತಕ ಸಾಕು, ಪುಟಕ್ಕೆ ಒಂದೇ ಸಾಲು ಇದ್ರೆ ಒಳ್ಳೇದು, ಅದೇ ಕಥೇನ ನಲವತ್ತು ಸಲ ಕೇಳ್ತಾವೆ, ನೀವು ಬೇಜಾರು ಮಾಡ್ಕೋಬೇಡಿ. ನಾಲ್ಕರಿಂದ ಏಳರವರೆಗೆ ಮಕ್ಕಳ ಬೈಬಲ್ ಕಥಾ ಪುಸ್ತಕ. ಎಂಟು ಒಂಬತ್ತಕ್ಕೆ ಓದೋದು ಸಲೀಸಾಗಿ ಬಂದ ಮೇಲೆ ನಿಜವಾದ, ಪೂರ್ತಿ ಬೈಬಲ್ ಕೊಡಿ, ಅದ್ರ ಮೊದಲ ಪುಟದಲ್ಲಿ ಮಗು ಹೆಸರು ಬರೀರಿ. ಅದು ಅದರ ಸ್ವಂತದ್ದಾಗಿರ್ಲಿ, ಪೆನ್ಸಿಲ್‌ನಲ್ಲಿ ಗೀಚಿದ್ರೂ ಬೈಬೇಡಿ.

ಕಥಾ ಪುಸ್ತಕ ಕೊಳ್ಳುವಾಗ ಒಂದು ಟೆಸ್ಟ್ ಮಾಡಿ. ಅದ್ರಲ್ಲಿರೋ ಎರಡು ಕಥೆ ತಗೊಂಡು ಬೈಬಲ್‌ನ ಮೂಲ ಭಾಗದ ಜೊತೆ ಪಕ್ಕ ಪಕ್ಕ ಇಟ್ಟು ಓದಿ. ಇಲ್ಲದ್ದನ್ನ ಸೇರಿಸಿದ್ದಾರಾ, ಕಥೆ ತಿರುವನ್ನೇ ಬಿಟ್ಟುಬಿಟ್ಟಿದ್ದಾರಾ ನೋಡಿ. ದಾನಿಯೇಲ ಸಿಂಹದ ಗವೀಲಿ ಇರೋ ಚಿತ್ರ ಬಹಳ ಪುಸ್ತಕಗಳಲ್ಲಿ ಇಪ್ಪತ್ತು ವರ್ಷದ ಹುಡುಗನ್ನ ತೋರಿಸುತ್ತೆ, ಆದ್ರೆ ದಾನಿಯೇಲ ಯುವಕನಾಗಿ ಸೆರೆಹೋಗಿದ್ದು ಕ್ರಿ.ಪೂ. 605ರ ಹೊತ್ತಿಗೆ, ಬಾಬೆಲ್ ಬಿದ್ದಿದ್ದು ಕ್ರಿ.ಪೂ. 539ರಲ್ಲಿ, ಸಿಂಹದ ಗವಿ ಕಥೆ ಅದಾದ ಮೇಲಿನದು. ಅಂದ್ರೆ ಆ ಮನುಷ್ಯನಿಗೆ ಎಂಬತ್ತರ ಆಸುಪಾಸು. ತಾತನ ವಯಸ್ಸಿನವನೊಬ್ಬ ದಿನಕ್ಕೆ ಮೂರು ಸಲ ಮೊಣಕಾಲೂರಿ ಪ್ರಾರ್ಥನೆ ಮಾಡ್ತಿದ್ದ ಅಂತ ಹೇಳಿ ನೋಡಿ, ಮಕ್ಕಳ ಮುಖಾನೇ ಬದಲಾಗುತ್ತೆ.

ಭಾಷಾಂತರದ ವಿಷ್ಯಕ್ಕೆ ಬಂದ್ರೆ, ನಮಗೆ ಹಳೇ ಸತ್ಯವೇದದ ಭಾಷೆ ಕಿವಿಗೆ ಹಿತ, ಕಂಠಪಾಠಕ್ಕೆ ಅದೇ ಚೆಂದ ಅಂತ ನನ್ ಅಭಿಪ್ರಾಯ ಕೂಡ. ಆದ್ರೆ ದಿನಾ ಓದೋಕೆ ಮಗುಗೆ ಅರ್ಥ ಆಗೋ ಸರಳ ಭಾಷಾಂತರಾನೇ ಇಟ್ಕೊಳ್ಳಿ. ಮಗು ಯೋಚನೆ ಮಾಡೋ ಭಾಷೆ ಬೇರೆ ಆಗಿದ್ರೆ ಆ ಭಾಷೇಲೇ ಓದ್ಲಿ, ಅದಕ್ಕೆ ಜಗಳ ಬೇಡ.

ಹೆಜ್ಜೆ 3: ಒಂದು ಹೊತ್ತು ಹಿಡೀರಿ, ಚಿಕ್ಕದಾಗಿ ಇಡಿ

ದಿನಾ ಆಗೋ ಯಾವುದಾದ್ರೂ ಕೆಲಸಕ್ಕೆ ಇದನ್ನ ಕಟ್ಟಿಹಾಕಿ. ರಾತ್ರಿ ಊಟ ಮುಗಿದು ತಟ್ಟೆ ಎತ್ತೋ ಮುಂಚೆ, ಇಲ್ಲಾ ಲೈಟ್ ಆರಿಸೋ ಮುಂಚೆ, ಇಲ್ಲಾ ಸ್ಕೂಲಿಗೆ ಬಿಡೋ ದಾರೀಲಿ ಆಡಿಯೋ ಬೈಬಲ್ ಹಾಕಿ. "ಟೈಮ್ ಸಿಕ್ಕಾಗ ಓದೋಣ" ಅಂದ್ರೆ ಟೈಮ್ ಸಿಗೋದೇ ಇಲ್ಲ.

ಚಿಕ್ಕ ಮಕ್ಕಳಿಗೆ ಐದು ನಿಮಿಷ, ದೊಡ್ಡವರಿಗೆ ಹತ್ತು ಹದಿನೈದು. "ಇನ್ನೂ ಓದು" ಅಂತ ಮಗು ಕೇಳುವಾಗ್ಲೇ ನಿಲ್ಲಿಸೋದು ಒಳ್ಳೇ ಟ್ರಿಕ್. ಏಳು ದಿನಾನೂ ಆಗ್ಬೇಕು ಅಂತ ಹಠ ಬೇಡ, ವಾರಕ್ಕೆ ನಾಲ್ಕು ದಿನ ನಿಜವಾಗ್ಲೂ ನಡೆದ್ರೆ ಅದು ತುಂಬಾ ಒಳ್ಳೇ ಲೆಕ್ಕ. ಓದೋವಾಗ ಮಗು ನೆಟ್ಟಗೆ ಕೈ ಕಟ್ಟಿ ಕೂರ್ಬೇಕು ಅಂತಾನೂ ಇಲ್ಲ, ಬಣ್ಣ ಹಾಕ್ತಾ, ಬ್ಲಾಕ್ ಜೋಡಿಸ್ತಾ ಕೇಳಿಸ್ಕೊಳ್ಳೋ ಮಕ್ಕಳೇ ಎಷ್ಟೋ ಸಲ ಜಾಸ್ತಿ ನೆನಪಿಟ್ಟುಕೊಂಡಿರ್ತಾವೆ.

ಹೆಜ್ಜೆ 4: ಎಲ್ಲಿಂದ ಶುರು ಮಾಡೋದು

ಆದಿಕಾಂಡ 1ರಿಂದ ಶುರು ಮಾಡಿ ಪ್ರಕಟನೆವರೆಗೂ ಹೋಗ್ತೀವಿ ಅಂತ ಜನವರಿ ಒಂದನೇ ತಾರೀಕು ಕೂರೋ ಕುಟುಂಬಗಳು ಸಾಮಾನ್ಯವಾಗಿ ವಿಮೋಚನಕಾಂಡದ ಕೊನೇ ಅರ್ಧದಲ್ಲಿ, ದೇವದರ್ಶನದ ಗುಡಾರದ ಪರದೆ, ಕೊಂಡಿ, ಅಳತೆ ಬರೋ ಜಾಗದಲ್ಲಿ ಒದ್ದಾಡಿ, ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಕೈಚೆಲ್ಲಿರ್ತವೆ. ದೊಡ್ಡವರಿಗೇ ಕಷ್ಟ ಅದು.

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ, ಉದ್ದುದ್ದ ಭಾಷಣ ಕಮ್ಮಿ, ಒಂದಾದ ಮೇಲೊಂದು ಏನಾದ್ರೂ ನಡೀತಾನೇ ಇರುತ್ತೆ. ಸಣ್ಣ ಸಣ್ಣ ವಿವರಗಳೂ ಮಾರ್ಕನಲ್ಲಿ ಜಾಸ್ತಿ, ಬಿರುಗಾಳಿ ಎದ್ದಾಗ ಯೇಸು ದೋಣಿ ಹಿಂಭಾಗದಲ್ಲಿ ತಲೆದಿಂಬು ಇಟ್ಕೊಂಡು ಮಲಗಿದ್ದ ಅಂತ ಹೇಳೋದು ಮಾರ್ಕ ಒಬ್ಬನೇ. ಮಕ್ಕಳು ಹಿಡ್ಕೊಳ್ಳೋದು ಆ ತಲೆದಿಂಬನ್ನೇ.

ಅದಾದ ಮೇಲೆ ಆದಿಕಾಂಡದ ಯೋಸೇಫನ ಕಥೆ, 37ರಿಂದ 50ರವರೆಗೆ, ಮಧ್ಯೆ 38ನೇ ಅಧ್ಯಾಯ ಬಿಟ್ಟು (ಯಾಕೆ ಅಂತ ನೀವೇ ಮೊದ್ಲು ಓದಿ ನೋಡಿ). ಆಮೇಲೆ ರೂತ್, ನಾಲ್ಕೇ ಅಧ್ಯಾಯ. ಎಸ್ತೇರ್, 10 ಅಧ್ಯಾಯ, ಸಸ್ಪೆನ್ಸ್ ಇರೋ ಪುಸ್ತಕ, ಅದ್ರಲ್ಲಿ ದೇವರ ಹೆಸರು ಒಂದು ಸಲಾನೂ ಬರಲ್ಲ, ಹುಡುಕಿ ಅಂತ ದೊಡ್ಡ ಮಕ್ಕಳಿಗೆ ಚಾಲೆಂಜ್ ಕೊಡಿ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ ಇರೋದ್ರಿಂದ ತಾರೀಕಿಗೆ ಒಂದು ಅಧ್ಯಾಯ ಅಂತ ಓದೋರಿದ್ದಾರೆ, ಮಕ್ಕಳಿಗೆ ಅಷ್ಟು ಬೇಡ, ಆ ದಿನದ ಅಧ್ಯಾಯದಲ್ಲಿ ಒಂದೇ ಒಂದು ವಚನ ಮಗುನೇ ಆರಿಸ್ಲಿ.

ಬೈಬಲ್‌ನಲ್ಲಿ ಮಕ್ಕಳ ಪಾತ್ರಗಳು ಎಷ್ಟಿವೆ ಅಂತ ನಮಗೇ ಮರೆತುಹೋಗಿರುತ್ತೆ. ತಮ್ಮನ ಬುಟ್ಟಿ ತೇಲ್ತಾ ಇರೋದನ್ನ ದೂರ ನಿಂತು ಕಾಯೋ ಮೋಶೆಯ ಅಕ್ಕ. ಮೂರು ಸಲ ಕರೆ ಕೇಳಿ ಮೂರು ಸಲಾನೂ ಯಾಜಕ ಏಲಿಯ ಹತ್ರ ಓಡೋ ಸಮುವೇಲ. ಎಂಟನೇ ವಯಸ್ಸಲ್ಲಿ ರಾಜ ಆದ ಯೋಷೀಯ, ಏಳರಲ್ಲೇ ಆದ ಯೋವಾಷ. ಸೇನಾಪತಿ ನಾಮಾನನ ಮನೇಲಿದ್ದ ಹೆಸರೇ ಗೊತ್ತಿಲ್ಲದ ಪುಟ್ಟ ದಾಸಿ. ಐದು ಜವೆಗೋದಿ ರೊಟ್ಟಿ ಎರಡು ಮೀನು ತಂದ ಹುಡುಗ. ಪೇತ್ರ ಬಾಗಿಲು ತಟ್ಟಿದಾಗ ಖುಷೀಲಿ ಬಾಗಿಲು ತೆಗೆಯೋದನ್ನೇ ಮರೆತು ಒಳಗೆ ಓಡಿದ ರೋದೆ. ಅಪೊಸ್ತಲರ ಕೃತ್ಯಗಳು 20ರಲ್ಲಿ ಯೂತಿಖ ಅನ್ನೋ ಹುಡುಗ ಪೌಲನ ಪ್ರಸಂಗ ಮಧ್ಯರಾತ್ರಿವರೆಗೆ ಎಳೆದಾಗ ನಿದ್ದೆ ತೂಗಿ ಮೂರನೇ ಅಂತಸ್ತಿನ ಕಿಟಕಿಯಿಂದ ಕೆಳಗೆ ಬಿದ್ದೇಬಿಟ್ಟ, ಆಮೇಲೆ ಬದುಕಿದ ಬಿಡಿ. ಸಭೇಲಿ ತೂಕಡಿಸೋ ಮಕ್ಕಳಿಗೆ ಈ ಕಥೆ ಎಷ್ಟು ಇಷ್ಟ ಅಂತ ಹೇಳೋದೇ ಬೇಡ.

ಹೆಜ್ಜೆ 5: ಓದೋ ರೀತಿ (ಇದೇ ಮುಖ್ಯ, ನಿಧಾನವಾಗಿ ಓದಿ)

ವಿಧಾನ ಸಿಂಪಲ್. ಮೊದ್ಲು ಒಂದು ಸಲ ಓದಿ ಇಲ್ಲಾ ಹೇಳಿ. ಆಮೇಲೆ ಪುಸ್ತಕ ಮುಚ್ಚಿ, ಮಗು ಕೈಲಿ ವಾಪಸ್ ಹೇಳಿಸಿ. ಬಿಟ್ಟುಹೋದದ್ದನ್ನ ನೀವು ತುಂಬಬೇಡಿ, ಮತ್ತೆ ತೆರೆದು ಇಬ್ರೂ ಸೇರಿ ಹುಡುಕಿ. ಕೊನೇಲಿ ಒಂದೋ ಎರಡೋ ಪ್ರಶ್ನೆ, ಅಷ್ಟೇ. ಪ್ರಶ್ನೆ ಹೇಗಿರ್ಬೇಕು ಅಂದ್ರೆ ಉತ್ತರ ನಿಮಗೂ ಮೊದ್ಲೇ ರೆಡಿ ಇರಬಾರದು. "ಇದ್ರಿಂದ ನಾವೇನು ಕಲೀತೀವಿ?" ಅಂತ ಕೇಳಿದ್ರೆ ಮಗು "ಒಳ್ಳೇವ್ರಾಗಿರ್ಬೇಕು" ಅಂದುಬಿಡುತ್ತೆ, ಎಲ್ಲಾ ಕಥೆಗೂ ಆ ಉತ್ತರ ನಡಿಯುತ್ತೆ ಅಂತ ಅದಕ್ಕೆ ಗೊತ್ತು.

ಮಾರ್ಕ 2ರ ಮೊದಲ ಹನ್ನೆರಡು ವಚನ ತಗೊಳ್ಳಿ. ಕಪೆರ್ನೌಮ್‌ನಲ್ಲಿ ಯೇಸು ಒಂದು ಮನೇಲಿದ್ದಾನೆ, ಬಾಗಿಲ ಹತ್ರಾನೂ ಜಾಗ ಇಲ್ಲದಷ್ಟು ಜನ, ನಾಲ್ಕು ಜನ ಒಬ್ಬ ಪಾರ್ಶ್ವವಾಯು ರೋಗೀನ ಹೊತ್ಕೊಂಡು ಬರ್ತಾರೆ, ಒಳಗೆ ಹೋಗೋಕಾಗದೆ ಮೇಲೆ ಹತ್ತಿ ಮಾಳಿಗೆ ಕಿತ್ತು ಹಾಸಿಗೆ ಸಮೇತ ಅವನ್ನ ಇಳಿಸ್ತಾರೆ. ಇಲ್ಲಿ ನಿಲ್ಲಿಸಿ. ಆ ಕಾಲದ ಮನೆ ಮಾಳಿಗೆ ಸಮತಟ್ಟು, ಅಡ್ಡ ತೊಲೆ ಮೇಲೆ ಕೊಂಬೆ ಹರಡಿ ಮಣ್ಣು ಮೆತ್ತಿರೋದು, ಹೊರಗಡೆಯಿಂದ ಮೆಟ್ಟಿಲು ಇರ್ತಿತ್ತು ಅಂತ ಎರಡು ಮಾತು ಹೇಳಿ. ಆಮೇಲೆ ಕೇಳಿ: ಕೆಳಗೆ ಕೂತಿದ್ದೋರ ತಲೆ ಮೇಲೆ ಏನು ಬಿದ್ದಿರುತ್ತೆ? ಆ ಮನುಷ್ಯನಿಗೆ ಇಳಿಯುವಾಗ ಏನನ್ನಿಸ್ತಿತ್ತು? ಇಷ್ಟಕ್ಕೇ ಮಕ್ಕಳು ಶುರು ಹಚ್ಕೋತಾವೆ, ಮಣ್ಣು ಅಂತಾವೆ, ಹುಳ ಅಂತಾವೆ, ಹಗ್ಗ ಜಾರಿದ್ರೆ ಅಂತಾವೆ, ಯಾರಾದ್ರೂ ಒಬ್ರು ಖಂಡಿತ ಕೇಳ್ತಾರೆ, "ಮನೆ ಓನರ್ ಬೈಲಿಲ್ವಾ?" ಅಂತ. ಬೈಬಲ್ ಅದನ್ನ ಹೇಳಲ್ಲ. ಹೇಳಲ್ಲ ಅಂತಾನೇ ಹೇಳಿ, ನೀವಾಗಿದ್ರೆ ಬೈತಿದ್ರಾ ಅಂತ ಅವ್ರನ್ನೇ ಕೇಳಿ.

ಈಗ 5ನೇ ವಚನ ಮತ್ತೆ ಓದಿ. ಯೇಸು "ಅವರ ನಂಬಿಕೆಯನ್ನು" ನೋಡಿದ ಅಂತಿದೆ. ಯಾರ ನಂಬಿಕೆ? ಬೆರಳಿಟ್ಟು ಹುಡುಕ್ಲಿ. ಹೊತ್ಕೊಂಡು ಬಂದೋರನ್ನೂ ಸೇರಿಸಿ ಹೇಳಿರೋದು ಅಂತ ಮಗುನೇ ಕಂಡುಹಿಡಿದಾಗ ಅದ್ರ ಕಣ್ಣು ಅರಳೋದನ್ನ ನೋಡಿ. ಇನ್ನೊಂದು, ಆ ಮನುಷ್ಯ ಬಂದಿದ್ದು ಕಾಲಿಗೆ, ಯೇಸು ಮೊದ್ಲು ಮಾತಾಡಿದ್ದು ಪಾಪಕ್ಷಮೆ ಬಗ್ಗೆ, ಯಾಕೆ ಅಂತ ದೊಡ್ಡ ಮಗು ಕೇಳ್ಬಹುದು, ಕೇಳಿದ್ರೆ ಅಲ್ಲೇ ಅರ್ಧ ಗಂಟೆ ಮಾತು. ಇಷ್ಟೆಲ್ಲಾ ಆದ ಮೇಲೆ "ಹಾಗಾಗಿ ನೀನೂ ಫ್ರೆಂಡ್ಸ್‌ಗೆ ಸಹಾಯ ಮಾಡ್ಬೇಕು" ಅಂತ ಸೇರಿಸೋಕೆ ನಿಮ್ಮ ನಾಲಿಗೆ ತುರಿಸುತ್ತೆ, ತಡ್ಕೊಳ್ಳಿ. ಎರಡು ದಿನ ಆದ್ಮೇಲೆ ಅದೇ ಮಗು ಕ್ಲಾಸಲ್ಲಿ ಹುಷಾರಿಲ್ಲದ ಹುಡುಗನ ಬ್ಯಾಗ್ ಹೊತ್ಕೊಂಡು ಬಂದ್ರೆ ಆಗ ಆ ನಾಲ್ಕು ಜನರನ್ನ ನೆನಪಿಸಿ. ಕೆಲಸ ಮೊದ್ಲು, ವಚನ ಆಮೇಲೆ ಬಂದಾಗ ಅದು ಉಪದೇಶ ಅನ್ಸಲ್ಲ.

ಅಧ್ಯಾಯ ಮುಗೀತು ಅಂತ ಅಲ್ಲೇ ನಿಲ್ಲಿಸ್ಬೇಕಾಗಿಲ್ಲ. ಅಧ್ಯಾಯಗಳ ಗೆರೆ ಹಾಕಿದ್ದು 13ನೇ ಶತಮಾನದ ಆರಂಭದಲ್ಲಿ, ಸ್ಟೀಫನ್ ಲ್ಯಾಂಗ್ಟನ್ ಅನ್ನೋ ಪಂಡಿತರ ಹೆಸರಲ್ಲಿ ಅದು ಬಂದಿದೆ, ಹೊಸ ಒಡಂಬಡಿಕೇಲಿ ಈಗಿನ ವಚನ ಸಂಖ್ಯೆಗಳನ್ನ 1551ರಲ್ಲಿ ರಾಬರ್ಟ್ ಎಸ್ಟಿಯೆನ್ ಅನ್ನೋ ಫ್ರೆಂಚ್ ಮುದ್ರಕ ಹಾಕಿದ್ದು. ಬರೆದೋರು ಹಾಕಿದ್ದಲ್ಲ. ಕಥೆ ಎಲ್ಲಿ ನಿಲ್ಲುತ್ತೋ ಅಲ್ಲಿ ನಿಲ್ಲಿಸಿ.

ಹೆಜ್ಜೆ 6: ಕೈಕಾಲಿಗೂ ಕೆಲಸ ಕೊಡಿ

ನೋಹನ ನಾವೆ 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ. ಮೊಳ ಅಂದ್ರೆ ಮೊಣಕೈಯಿಂದ ನಡುಬೆರಳ ತುದಿವರೆಗೆ, ಸುಮಾರು 45 ಸೆಂಟಿಮೀಟರ್. ಒಂದು ಹಗ್ಗ ತಗೊಂಡು ಅಪ್ಪನ ಕೈಲಿ ಹತ್ತು ಮೊಳ ಅಳೆದು ಗಂಟು ಹಾಕಿ, ಖಾಲಿ ಮೈದಾನಕ್ಕೆ ಹೋಗಿ ಒಂದು ಕಡೆ ಚಪ್ಪಲಿ ಇಟ್ಟು ಆ ಹಗ್ಗಾನ ಮೂವತ್ತು ಸಲ ಹಾಸ್ತಾ ಹೋಗಿ. ಹದಿನೈದನೇ ಸಲಕ್ಕೆ ಮಕ್ಕಳು ಹಿಂದೆ ತಿರುಗಿ ಚಪ್ಪಲಿ ಎಲ್ಲಿ ಅಂತ ಹುಡುಕ್ತಾವೆ, ಇನ್ನೂ ಅರ್ಧಾನೇ ಆಗಿರೋದು. ಪೂರ್ತಿ ಆದ್ರೆ 135 ಮೀಟರ್. ಆಮೇಲೆ ಮಗು ಮೊಳದಲ್ಲಿ ಅಳೆದ್ರೆ ನಾವೆ ಎಷ್ಟು ಚಿಕ್ಕದಾಗುತ್ತೆ ಅಂತ ಲೆಕ್ಕ ಹಾಕ್ಸಿ, ಗಣಿತಾನೂ ಆಯ್ತು. ಗೊಲ್ಯಾತನ ಆರು ಮೊಳ ಒಂದು ಗೇಣನ್ನ ಗೋಡೆ ಮೇಲೆ ಗುರುತು ಮಾಡೋಕೆ ಹೋದ್ರೆ ಗೋಡೇನೇ ಸಾಕಾಗ್ದೇ ಇರಬಹುದು.

ಮ್ಯಾಪ್ ಒಂದು ಯಾವಾಗ್ಲೂ ಹತ್ರ ಇರ್ಲಿ, ಬೈಬಲ್ ಹಿಂದೆ ಇರೋದೇ ಸಾಕು. ಒಳ್ಳೇ ಸಮಾರ್ಯದವನ ಕಥೇಲಿ ಆ ಮನುಷ್ಯ ಯೆರೂಸಲೇಮಿಂದ ಯೆರಿಕೋಗೆ "ಇಳಿದು" ಹೋಗ್ತಿದ್ದ ಅಂತಿರೋದು ಸುಮ್ನೆ ಅಲ್ಲ, ಯೆರೂಸಲೇಮ್ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲೆ, ಯೆರಿಕೋ ಸುಮಾರು 250 ಮೀಟರ್ ಕೆಳಗೆ, ಮಧ್ಯೆ ಬಂಡೆ, ಕಣಿವೆ, ಕಳ್ಳರು ಅಡಗೋಕೆ ಹೇಳಿ ಮಾಡಿಸಿದ ಜಾಗ. ಗಲಿಲಾಯ ಸಮುದ್ರ ಅಂದ್ರೆ ಮಕ್ಕಳು ಸಾಗರ ಅನ್ಕೋತಾವೆ, ಅದು ಸುಮಾರು 21 ಕಿಲೋಮೀಟರ್ ಉದ್ದದ ಸಿಹಿನೀರಿನ ಕೆರೆ, ಸುತ್ತ ಗುಡ್ಡ ಇರೋದ್ರಿಂದ ಗಾಳಿ ಇದ್ದಕ್ಕಿದ್ದ ಹಾಗೆ ನುಗ್ಗುತ್ತೆ. ಮೀನುಗಾರರಾಗಿದ್ದ ಶಿಷ್ಯರೇ ಹೆದರಿದ್ರು ಅಂದ್ರೆ ಆ ಗಾಳಿ ಎಂಥದ್ದು ಅಂತ ಆಗ ಗೊತ್ತಾಗುತ್ತೆ.

"ಬೈಬಲ್‌ನಲ್ಲಿ ಇದ್ಯಾ, ಇಲ್ವಾ" ಅನ್ನೋ ಆಟ ಆಡಿ. ಹವ್ವ ತಿಂದಿದ್ದು ಸೇಬಾ? ಹಣ್ಣು ಅಂತ ಅಷ್ಟೇ ಇದೆ. ಯೋನನ್ನ ನುಂಗಿದ್ದು ತಿಮಿಂಗಿಲಾನಾ? ದೊಡ್ಡ ಮೀನು ಅಂತಿದೆ. ಜೋಯಿಸರು ಮೂರು ಜನಾನಾ? ಕಾಣಿಕೆ ಮೂರು ಬಗೆ, ಜನ ಎಷ್ಟು ಅಂತ ಮತ್ತಾಯ ಹೇಳೇ ಇಲ್ಲ. ಈ ಆಟದಲ್ಲಿ ಮಕ್ಕಳು ನಿಮ್ಮನ್ನ ಸೋಲಿಸೋ ಚಾನ್ಸ್ ಜಾಸ್ತಿ, ಮತ್ತೆ "ಎಲ್ಲಿದೆ ತೋರಿಸು" ಅಂತ ಪುಟ ತಿರುಗಿಸೋ ಅಭ್ಯಾಸ ತಾನಾಗೇ ಬರುತ್ತೆ.

ಹೆಜ್ಜೆ 7: ಕಷ್ಟದ ಕಥೆ, ಕಷ್ಟದ ಪ್ರಶ್ನೆ

ಜಲಪ್ರಳಯದ ಕಥೇನ ಪ್ರಾಣಿಗಳ ಮೆರವಣಿಗೆ ಥರ ಹೇಳ್ತೀವಿ, ಆದ್ರೆ ಆರು ವರ್ಷಕ್ಕೇ ಮಗು ಕೇಳುತ್ತೆ, "ದೋಣಿ ಹತ್ತದೇ ಇರೋರೆಲ್ಲಾ ಏನಾದ್ರು?" ಅಬ್ರಹಾಮ ಇಸಾಕನ್ನ ಬೆಟ್ಟಕ್ಕೆ ಕರ್ಕೊಂಡು ಹೋದ ಕಥೆ ಕೇಳಿ ಅಪ್ಪನ ಮುಖ ನೋಡೋ ಮಕ್ಕಳಿದ್ದಾರೆ. ಪ್ರವಾದಿ ಎಲೀಷನ ಬೋಳುತಲೆಗೆ ರೇಗಿಸಿದ ಹುಡುಗರು, ಅವ್ರನ್ನ ಸೀಳಿಹಾಕಿದ ಕರಡಿಗಳು, ಅದನ್ನ ಯಾರಾದ್ರೂ ಒಬ್ಬ ಹುಡುಗ ತಾನಾಗೇ ಹುಡುಕ್ಕೊಂಡು ಬಂದೇ ಬರ್ತಾನೆ.

ಮೊದಲನೇದು, ನೀವು ಮುಂಚೆ ಓದಿರ್ಬೇಕು. ನ್ಯಾಯಸ್ಥಾಪಕರು 19ರಂಥ ಕ್ರೌರ್ಯ ತುಂಬಿದ ಅಧ್ಯಾಯ ಮಕ್ಕಳ ಮುಂದೆ ಗೊತ್ತಿಲ್ಲದೇ ತೆರೆದುಬಿಟ್ರೆ ಮಧ್ಯದಲ್ಲಿ ಸಿಕ್ಕಿಹಾಕೋತೀರಿ. ಅದು ದೊಡ್ಡವರಾದ ಮೇಲೆ ಓದೋದು, ಈಗ ಬೇಡ ಅಂತ ನೇರವಾಗಿ ಹೇಳ್ಬಹುದು, ತಪ್ಪಿಲ್ಲ.

ಎರಡನೇದು, ಸುಳ್ಳು ಹೇಳ್ಬೇಡಿ. ವಯಸ್ಸಿಗೆ ತಕ್ಕ ಹಾಗೆ ಕಮ್ಮಿ ಹೇಳಿ, ಆದ್ರೆ ಇಲ್ಲ ಅಂತ ಹೇಳ್ಬೇಡಿ. "ಹೌದು, ಸತ್ರು. ಅದು ತುಂಬಾ ದುಃಖದ ವಿಷ್ಯ. ದೇವರಿಗೂ ಮನಸ್ಸಿಗೆ ನೋವಾಗಿತ್ತು ಅಂತ ಆದಿಕಾಂಡ 6ರಲ್ಲೇ ಇದೆ" ಅಂತ ಹೇಳಿದ್ರೆ ಚಿಕ್ಕ ಮಗುಗೆ ಅಷ್ಟು ಸಾಕು. ಇಸಾಕನ ಕಥೇಲಿ ಕೊನೇವರೆಗೂ ಒಂದೇ ಸಲ ಓದಿಬಿಡಿ, ದೇವದೂತ ತಡೆಯೋವರೆಗೆ, ಪೊದೇಲಿ ಟಗರು ಸಿಗೋವರೆಗೆ. ಮಧ್ಯೆ "ನಾಳೆ ಮುಂದುವರಿಸೋಣ" ಅಂತ ದಯವಿಟ್ಟು ಮಲಗಿಸ್ಬೇಡಿ.

ಮೂರನೇದು, ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ. ಒಂದು ಪ್ರಶ್ನೆ ನೋಟ್‌ಬುಕ್ ಇಡಿ, ಮಗು ಕೇಳಿದ್ದನ್ನ ಅದ್ರ ಮಾತಲ್ಲೇ ಬರೀರಿ, ತಾರೀಕು ಹಾಕಿ, ಪಾಸ್ಟರ್ ಹತ್ರಾನೋ ಫಾದರ್ ಹತ್ರಾನೋ ಮಗುನ್ನೇ ಕರ್ಕೊಂಡು ಹೋಗಿ ಕೇಳಿಸಿ. "ಹಾಗೆಲ್ಲಾ ಕೇಳಬಾರದು" ಅನ್ನೋದು ಬಾಯಿಂದ ಬರಬಾರದು. ಲೂಕ 2ರಲ್ಲಿ ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ಮಧ್ಯೆ ಕೂತು ಏನು ಮಾಡ್ತಿದ್ದ ಅಂದ್ರೆ ಕೇಳಿಸ್ಕೊಳ್ತಾ, ಪ್ರಶ್ನೆ ಕೇಳ್ತಾ ಇದ್ದ. ಹಬಕ್ಕೂಕನ ಪುಸ್ತಕ ಶುರುವಾಗೋದೇ ದೇವರಿಗೆ ದೂರು ಹೇಳೋದ್ರಿಂದ. ಡೈನೋಸಾರ್, ಭೂಮಿ ವಯಸ್ಸು, ಆರು ದಿನ ಇಂಥ ಪ್ರಶ್ನೆಗೆ ನಿಮ್ಮ ಸಭೆ ಏನು ನಂಬುತ್ತೆ ಅಂತ ಹೇಳಿ, ಜೊತೆಗೆ ಕ್ರೈಸ್ತರಲ್ಲೇ ಈ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಇದೆ ಅಂತಾನೂ ಹೇಳಿ. ಈಗ ಮುಚ್ಚಿಟ್ರೆ ಕಾಲೇಜಲ್ಲಿ ಬೇರೆ ಯಾರೋ ಹೇಳ್ತಾರೆ, ಆಗ ನೀವು ಮುಚ್ಚಿಟ್ಟಿದ್ರಿ ಅನ್ನೋದೇ ದೊಡ್ಡದಾಗುತ್ತೆ.

ಇವೆಲ್ಲಕ್ಕಿಂತ ಭಾರ ಇರೋ ಪ್ರಶ್ನೆ ಒಂದಿದೆ: "ಪ್ರಾರ್ಥನೆ ಮಾಡಿದ್ವಲ್ಲ, ಆದ್ರೂ ಅಜ್ಜಿ ಯಾಕೆ ತೀರ್ಕೊಂಡ್ರು?" ಇದಕ್ಕೆ "ನಿನ್ನ ನಂಬಿಕೆ ಕಮ್ಮಿ ಆಗಿತ್ತು" ಅನ್ನೋ ಉತ್ತರ ಯಾವ ಕಾರಣಕ್ಕೂ ಕೊಡ್ಬೇಡಿ, ಬೇರೆಯವರು ಕೊಟ್ರೂ ತಡೀರಿ. "ದೇವರಿಗೆ ಅಜ್ಜಿ ಬೇಕಾಗಿತ್ತು" ಅಂದ್ರೂ ಚಿಕ್ಕ ಮಕ್ಕಳು ದೇವರು ಕಿತ್ಕೊಂಡ ಅಂತ ತಗೋತಾವೆ. ಯೋಹಾನ 11 ಓದಿ, ಲಾಜರನ್ನ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಯೇಸು ಸಮಾಧಿ ಹತ್ರ ಅತ್ತಿದ್ದು ಅಲ್ಲಿದೆ. 13ನೇ ಕೀರ್ತನೆ ಓದಿ, ಇನ್ನೆಷ್ಟು ದಿನ ನನ್ನ ಮರೆತಿರ್ತೀಯ ಅಂತ ದೇವರನ್ನೇ ಕೇಳೋ ಕೀರ್ತನೆ, ಆರೇ ವಚನ. ಮಗು ಅತ್ರೆ ಜೊತೇಲಿ ಕೂತ್ಕೊಳ್ಳಿ, ಆ ಹೊತ್ತಲ್ಲಿ ಉತ್ತರ ಹುಡುಕೋದು ಬೇಡ.

ಹೆಜ್ಜೆ 8: ಕಂಠಪಾಠ ವಾಕ್ಯ

ಬಾಯಿಪಾಠ ಒಳ್ಳೇದೇ, ಚಿಕ್ಕವಯಸ್ಸಲ್ಲಿ ಕಲಿತದ್ದು ಮುಪ್ಪಿನವರೆಗೂ ನಾಲಿಗೆ ಮೇಲೆ ಇರುತ್ತೆ. ಆದ್ರೆ ವಾರಕ್ಕೊಂದು ಅಂತ ಓಡಿಸೋದಕ್ಕಿಂತ ತಿಂಗಳಿಗೆ ಒಂದು ಸಾಕು ಅನ್ನೋದು ನನ್ ವಾದ, ಅದನ್ನ ತಿಂಗಳು ಪೂರ್ತಿ ಬಳಸಿ. ಬಿಡಿ ವಚನಕ್ಕಿಂತ ಪೂರ್ತಿ ತುಂಡು ಒಳ್ಳೇದು: 117ನೇ ಕೀರ್ತನೆ ಎರಡೇ ವಚನ, 23ನೇ ಕೀರ್ತನೆ ಆರು ವಚನ, ಕರ್ತನ ಪ್ರಾರ್ಥನೆ. "ಯೆಹೋವನು ನನಗೆ ಕುರುಬನು; ಕೊರತೆಪಡೆನು" ಅನ್ನೋದಕ್ಕೆ ಕೈಸನ್ನೆ ಮಕ್ಕಳೇ ಮಾಡ್ಲಿ. ಒಂದೊಂದು ಸಲ ಒಂದೊಂದು ಪದ ಬಿಟ್ಟು ಹೇಳಿ, ಬಿಟ್ಟ ಪದ ಅವ್ರು ಕೂಗ್ಲಿ.

119ನೇ ಕೀರ್ತನೆ 176 ವಚನ, ಅದನ್ನ ಬಾಯಿಪಾಠ ಮಾಡ್ಸೋಕೆ ಹೋಗ್ಬೇಡಿ ಮಾರಾಯ್ರೇ. ಆದ್ರೆ ಅದು ಹೀಬ್ರೂ ಅಕ್ಷರಮಾಲೆ ಪ್ರಕಾರ ಕಟ್ಟಿದ್ದು, 22 ಅಕ್ಷರ, ಅಕ್ಷರಕ್ಕೆ ಎಂಟು ವಚನ. ಅದೇ ಥರ ಅ, ಆ, ಇ, ಈ ಅಂತ ಹಿಡಿದು ಮಕ್ಕಳು ತಮ್ಮದೇ ಸ್ತುತಿ ಸಾಲು ಬರೀಲಿ. ಋ ಬಂದಾಗ ಮನೆಯವರೆಲ್ಲಾ ತಲೆ ಕೆಡಿಸ್ಕೊಳ್ಳೋದು ಖಾತ್ರಿ.

ಶಿಕ್ಷೆಯಾಗಿ ವಚನ ಬರೆಸೋದನ್ನ ಮಾತ್ರ ಬಿಟ್ಟುಬಿಡಿ. ಎಫೆಸ 6:1, ಮಕ್ಕಳು ತಂದೆತಾಯಿಗೆ ವಿಧೇಯರಾಗಿರ್ಬೇಕು ಅನ್ನೋದು ನಮಗೆಲ್ಲಾ ಬಾಯಲ್ಲೇ ಇರುತ್ತೆ, ಮೂರು ವಚನ ಕೆಳಗೆ 6:4ರಲ್ಲಿ ಮಕ್ಕಳಿಗೆ ಕೋಪ ಎಬ್ಬಿಸ್ಬೇಡಿ ಅಂತ ಅಪ್ಪಂದಿರಿಗೆ ಹೇಳಿರೋದು ಯಾಕೋ ಅಷ್ಟು ಬೇಗ ನೆನಪಿಗೆ ಬರಲ್ಲ. ಎರಡೂ ಒಟ್ಟಿಗೆ ಗೋಡೆಗೆ ಅಂಟಿಸಿ.

ಹೆಜ್ಜೆ 9: ಓದಿದ್ದರಿಂದಲೇ ಪ್ರಾರ್ಥನೆ

ಚಿಕ್ಕದಾಗಿರ್ಲಿ. ಓದಿದ ಕಥೆಯಿಂದ ಒಂದು ಸಾಲು ತಗೊಂಡು ಮಗು ತನ್ನ ಮಾತಲ್ಲಿ ಹೇಳ್ಲಿ, "ಯೇಸುವೇ, ಆ ನಾಲ್ಕು ಜನರ ಥರ ನಂಗೂ ಫ್ರೆಂಡ್ಸ್ ಕೊಡು" ಅಂದ್ರೂ ಸರಿ. ವ್ಯಾಕರಣ ತಿದ್ದಬೇಡಿ, ಬೆಕ್ಕಿಗೋಸ್ಕರ ಪ್ರಾರ್ಥನೆ ಮಾಡಿದ್ರೆ ನಗಬೇಡಿ. ಬಾಯಿ ಬಿಡದ ಮಗುನ್ನ ಬಲವಂತ ಮಾಡ್ಬೇಡಿ, ಆಮೆನ್ ಅಂದ್ರೆ ಸಾಕು.

ಹೆಜ್ಜೆ 10: ಹದಿಹರೆಯ ಬಂದಾಗ

ಹನ್ನೆರಡು ಹದಿಮೂರಕ್ಕೆ ಒಟ್ಟಿಗೆ ಕೂರೋಕೆ ಮುಖ ಸಿಂಡರಿಸೋದು ಮಾಮೂಲು. ಆಗ ರೀತಿ ಬದಲಾಯಿಸಿ. ಯಾವ ಪುಸ್ತಕ ಓದೋದು ಅಂತ ಅವ್ರೇ ಆರಿಸ್ಲಿ, ತಮ್ಮ ತಂಗಿಗೆ ಕಥೆ ಹೇಳೋ ಕೆಲಸ ವಾರಕ್ಕೊಮ್ಮೆ ಅವ್ರಿಗೇ ಕೊಡಿ. ಪ್ರಸಂಗಿ, ಯಾಕೋಬನ ಪತ್ರಿಕೆ ಈ ವಯಸ್ಸಿಗೆ ಚೆನ್ನಾಗಿ ಹತ್ತುತ್ತೆ, "ಎಲ್ಲಾ ವ್ಯರ್ಥ" ಅನ್ನೋ ಪ್ರಸಂಗಿ ಮಾತು ಅವ್ರ ಮೂಡಿಗೂ ಸರಿಹೋಗುತ್ತೆ. ಅಡಿಟಿಪ್ಪಣಿ ಓದೋದು ಕಲಿಸಿ, ಗೊಲ್ಯಾತನ ಎತ್ತರ ಕೆಲವು ಹಳೇ ಪ್ರತಿಗಳಲ್ಲಿ ನಾಲ್ಕು ಮೊಳ ಒಂದು ಗೇಣು ಅಂತಿರೋದನ್ನ ನೀವೇ ತೋರಿಸಿ, ಕೈಬರಹದ ಪ್ರತಿಗಳು ಹೇಗೆ ನಮ್ಮವರೆಗೆ ಬಂದವು ಅಂತ ಮಾತು ಬೆಳೆಯುತ್ತೆ. ಒಂದಿಷ್ಟು ದಿನ ಬೇಡ ಅಂದ್ರೆ ಜಗಳ ಮಾಡಿ ಕೂರಿಸ್ಬೇಡಿ, ಚಿಕ್ಕವರ ಜೊತೆ ನೀವು ಓದ್ತಾ ಇರಿ, ಪಕ್ಕದ ರೂಮಿಂದ ಕೇಳಿಸ್ಕೊಳ್ತಾ ಇರ್ತಾರೆ.

ಗಂಡನೋ ಹೆಂಡತಿಯೋ ಇದಕ್ಕೆಲ್ಲಾ ಆಸಕ್ತಿ ತೋರಿಸದ ಮನೆಗಳೂ ಇವೆ. ತಿಮೊಥೆಯನ ಅಪ್ಪ ಗ್ರೀಕ, ನಂಬಿಕೆಯಲ್ಲಿ ಬೆಳೆಸಿದ್ರು ಅಂತ ಪೌಲ ಹೆಸರು ಹಿಡಿದು ಹೇಳೋದು ಅಜ್ಜಿ ಲೋವಿ, ಅಮ್ಮ ಯೂನಿಕೆ ಇಬ್ಬರನ್ನೇ. ಒಬ್ರೇ ಮಾಡೋದಾದ್ರೆ ಇನ್ನೂ ಚಿಕ್ಕದಾಗಿ ಮಾಡಿ, ಮಲಗೋ ಹೊತ್ತಲ್ಲಿ ಐದು ನಿಮಿಷ, ಇನ್ನೊಬ್ರ ಬಗ್ಗೆ ಮಗು ಮುಂದೆ ಚುಚ್ಚು ಮಾತು ಬೇಡ.

ಪರೀಕ್ಷೆ, ಜ್ವರ, ನೆಂಟರು ಅಂತ ಮೂರು ವಾರ ನಿಂತುಹೋಗುತ್ತೆ, ಎಲ್ಲಾ ಮನೇಲೂ ನಿಲ್ಲುತ್ತೆ. ಬಿಟ್ಟ ಅಧ್ಯಾಯ ಎಲ್ಲಾ ಒಟ್ಟಿಗೆ ಮುಗಿಸೋಕೆ ಹೋಗದೇ ಇವತ್ತಿಂದ ಶುರು ಮಾಡಿ.

ಮೊದಲ ವಾರ ಹೀಗೆ ಮಾಡಿ ನೋಡಿ

ಯೋನನ ಪುಸ್ತಕ ತಗೊಳ್ಳಿ, ನಾಲ್ಕು ಅಧ್ಯಾಯ, ಒಟ್ಟು 48 ವಚನ, ನಾಲ್ಕು ರಾತ್ರಿಗೆ ಸರಿ. ಮೊದಲ ರಾತ್ರಿ ಮ್ಯಾಪಲ್ಲಿ ದೇವರು ಹೋಗು ಅಂದ ನಿನೆವೆ ಒಂದು ಕಡೆ, ಯೋನ ಹಡಗು ಹತ್ತಿದ ಯೋಪ್ಪ ಒಂದು ಕಡೆ ತೋರಿಸಿ, ಯೋನ ಯಾವ ದಿಕ್ಕಿಗೆ ಹೋದ ಅಂತ ಬೆರಳಲ್ಲಿ ಎಳೆಯೋಕೆ ಹೇಳಿ. ಎರಡನೇ ರಾತ್ರಿ ಲೈಟ್ ಆರಿಸಿ ಹೊದಿಕೆ ಒಳಗೆ ಟಾರ್ಚ್ ಹಿಡ್ಕೊಂಡು ಮೀನಿನ ಹೊಟ್ಟೆಯೊಳಗಿನ ಪ್ರಾರ್ಥನೆ ಓದಿ. ಮೂರನೇ ರಾತ್ರಿ ನಿನೆವೆಯಲ್ಲಿ ಪ್ರಾಣಿಗಳೂ ಉಪವಾಸ ಮಾಡಿ ಗೋಣಿತಟ್ಟು ಹೊದ್ದಿದ್ದನ್ನ ಮಕ್ಕಳೇ ಕಂಡುಹಿಡೀಲಿ. ನಾಲ್ಕನೇ ರಾತ್ರಿ ಯೋನ ಸಿಟ್ಟು ಮಾಡ್ಕೊಂಡು ಕೂತಿರೋದು, ನೆರಳಿನ ಗಿಡ, ಅದನ್ನ ತಿಂದ ಹುಳ. ಪುಸ್ತಕ ಮುಗಿಯೋದು ದೇವರು ಕೇಳೋ ಒಂದು ಪ್ರಶ್ನೆಯಿಂದ, ಎಡಗೈ ಬಲಗೈ ಗೊತ್ತಿಲ್ಲದ ಲಕ್ಷದ ಇಪ್ಪತ್ತು ಸಾವಿರಕ್ಕಿಂತ ಜಾಸ್ತಿ ಜನ, ಬಹಳ ಪಶುಗಳು ಇರೋ ಆ ಊರಿನ ಮೇಲೆ ನಾನು ಕನಿಕರ ಪಡಬಾರದಾ ಅಂತ. ಯೋನ ಏನು ಉತ್ತರ ಕೊಟ್ಟ ಅಂತ ಬರೆದಿಲ್ಲ. ಐದನೇ ರಾತ್ರಿ ಓದೋದು ಬೇಡ, ಒಂದು ಹಾಳೆ ಕೊಟ್ಟು ಆ ಉತ್ತರ ಮಕ್ಕಳ ಕೈಲೇ ಬರೆಸಿ, ಬರೆಯೋಕೆ ಬರದೋರು ಚಿತ್ರ ಬಿಡಿಸ್ಲಿ, ನೀವೂ ಒಂದು ಬರೀರಿ, ಆಮೇಲೆ ಎಲ್ರದ್ದೂ ಜೋರಾಗಿ ಓದಿ.